ಮೊದಲ ಉಪ್ಪುನೀರಿನ ತೊಟ್ಟಿಗೆ ಯಾವ ಹಾವುಮೀನು?

ಪ್ರಶ್ನೆ: ಕೆಲವು ವರ್ಷಗಳಿಂದ ಸಿಹಿನೀರಿನ ಮೀನು ಸಾಕುತ್ತಿದ್ದೇನೆ. ಈಗ ಮೊದಲ ಬಾರಿಗೆ ಉಪ್ಪುನೀರಿನ ಅಕ್ವೇರಿಯಂ ಮಾಡಲು ಹೊರಟಿದ್ದೇನೆ. ತೊಟ್ಟಿ ನಾಲ್ಕು ಅಡಿ ಉದ್ದದ್ದು, ಸುಮಾರು 300 ಲೀಟರ್ ಹಿಡಿಯುತ್ತದೆ. ಅದರಲ್ಲಿ ಒಂದು ಹಾವುಮೀನು ಸಾಕಬೇಕೆಂಬುದು ಬಹುದಿನದ ಆಸೆ. ನೀಲಿ ಮೈ, ಹಳದಿ ಮೂತಿಯ ರಿಬ್ಬನ್ ಈಲ್ ನೋಡಿ ಮನಸೋತಿದ್ದೇನೆ. ಅದನ್ನೇ ತರಬಹುದೇ? ಜೊತೆಗೆ ಒಂದು ಜೋಡಿ ಕ್ಲೌನ್ ಮೀನು, ಒಂದೆರಡು ಕ್ಲೀನರ್ ಸಿಗಡಿ ಬಿಡುವ ಯೋಚನೆಯಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ಹಾವುಮೀನು ಕಚ್ಚುತ್ತದೆಯೇ?

ಉತ್ತರ: ರಿಬ್ಬನ್ ಈಲ್ ದಯವಿಟ್ಟು ಬೇಡ. ನಿಮ್ಮ ತೊಟ್ಟಿಗೂ ನಿಮ್ಮ ಈಗಿನ ಅನುಭವಕ್ಕೂ ಹೊಂದುವುದು ಸ್ನೋಫ್ಲೇಕ್ ಮೊರೇ. ಕ್ಲೌನ್ ಮೀನಿನ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ಸಿಗಡಿಯನ್ನಂತೂ ಕೈಬಿಡಲೇಬೇಕು. ಕಾರಣಗಳನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅಂಗಡಿಯಲ್ಲಿ ಬೇರೊಂದು ಜಾತಿಯನ್ನು ತೋರಿಸಿ ‘ಇದೂ ಹಾಗೆಯೇ’ ಎಂದಾಗ ನೀವೇ ತೂಗಿ ನೋಡುವಂತಿರಬೇಕು.

ಹಾವುಮೀನನ್ನು ಬಣ್ಣ ನೋಡಿ ಆರಿಸಬಾರದು, ಬಾಯಿ ನೋಡಿ ಆರಿಸಬೇಕು. ಮೊರೇ ಎಂಬುದು ಹಾವುಮೀನುಗಳ ಒಂದು ಕುಟುಂಬ, ರಿಬ್ಬನ್ ಈಲ್ ಕೂಡ ಅದರದ್ದೇ. ಅದರಲ್ಲಿ ಸುಮಾರು 200 ಪ್ರಭೇದಗಳಿವೆ. ಸಾಕುವವರ ದೃಷ್ಟಿಯಿಂದ ಅವನ್ನು ಎರಡು ಗುಂಪಾಗಿ ನೋಡಿದರೆ ಸಾಕು. ಒಂದು ಗುಂಪಿನ ಹಲ್ಲುಗಳು ಮೊಂಡಾಗಿ, ದವಡೆ ಹಲ್ಲಿನಂತೆ ಉರುಟಾಗಿರುತ್ತವೆ. ಏಡಿ, ಸಿಗಡಿಯ ಚಿಪ್ಪು ಒಡೆಯಲು ಆದ ಹಲ್ಲುಗಳು ಅವು. ಇನ್ನೊಂದು ಗುಂಪಿನವು ಸೂಜಿಯಂತೆ ಚೂಪಾಗಿ ಒಳಮುಖವಾಗಿ ಬಾಗಿರುತ್ತವೆ. ಜಾರುವ ಮೀನನ್ನು ಹಿಡಿದು ಬಿಡದಿರುವುದು ಅವುಗಳ ಕೆಲಸ. ಯಾವ ಮೀನಿನ ಜೊತೆ ಇಡಬಹುದು, ಏನು ತಿನ್ನಿಸಬೇಕು, ಕಚ್ಚಿದರೆ ಎಷ್ಟು ಪೆಟ್ಟು ಎಂಬ ಪ್ರಶ್ನೆಗಳಿಗೆಲ್ಲ ಈ ಹಲ್ಲುಗಳೇ ಬಹುಮಟ್ಟಿಗೆ ಉತ್ತರ ಹೇಳಿಬಿಡುತ್ತವೆ. ಸ್ನೋಫ್ಲೇಕ್ ಮೊರೇ ಮೊದಲ ಗುಂಪಿನದು, ರಿಬ್ಬನ್ ಈಲ್ ಎರಡನೆಯದು.

ಹಲ್ಲಿನ ಹಿಂದೆ ಇನ್ನೊಂದು ವ್ಯವಸ್ಥೆಯಿದೆ. ಹೆಚ್ಚಿನ ಮೀನುಗಳು ಬಾಯಿಯನ್ನು ಫಕ್ಕನೆ ಅಗಲಿಸಿ, ನೀರಿನೊಂದಿಗೆ ಆಹಾರವನ್ನು ಒಳಗೆಳೆದುಕೊಳ್ಳುತ್ತವೆ. ಇಕ್ಕಟ್ಟಾದ ಬಿರುಕುಗಳಲ್ಲಿ ತಲೆ ತೂರಿಸಿ ಬೇಟೆಯಾಡುವ ಮೊರೇಯ ತಲೆ ಕಿರಿದು. ಹಾಗೆ ಹೀರಲು ಅದಕ್ಕೆ ಆಗದು. ಅದರ ಬದಲು ಗಂಟಲಿನಲ್ಲಿ ಇನ್ನೊಂದು ಜೊತೆ ದವಡೆಗಳಿವೆ. ಮುಂದಿನ ದವಡೆ ಬೇಟೆಯನ್ನು ಹಿಡಿದ ಕೂಡಲೇ ಹಿಂದಿನ ದವಡೆ ಮುಂದೆ ಬಂದು ಅದನ್ನು ಕಚ್ಚಿ ಒಳಕ್ಕೆ ಎಳೆದೊಯ್ಯುತ್ತದೆ. ರೀಟಾ ಮೆಹ್ತಾ ಮತ್ತು ಪೀಟರ್ ವೇನ್‌ರೈಟ್ ಎಂಬ ವಿಜ್ಞಾನಿಗಳು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಚಿತ್ರಸಮೇತ ತೋರಿಸಿಕೊಟ್ಟರು. ಮನೆಯ ತೊಟ್ಟಿಯಲ್ಲೂ ಇದರ ಸುಳಿವು ಕಾಣಸಿಗುತ್ತದೆ. ಸಿಗಡಿಯ ತುಂಡೊಂದನ್ನು ಉದ್ದನೆಯ ಚಿಮಟದಲ್ಲಿ ಹಿಡಿದು ನೀರಿಗಿಳಿಸಿ. ಸ್ನೋಫ್ಲೇಕ್‌ನ ಮೂತಿಯ ತುದಿಯಲ್ಲಿರುವ ಎರಡು ಪುಟ್ಟ ಹಳದಿ ಕೊಳವೆಗಳು ಮೊದಲು ವಾಸನೆ ಹಿಡಿಯುತ್ತವೆ. ಕಲ್ಲಿನ ಸಂದಿಯಿಂದ ತಲೆ ಹೊರಬಂದು ಎಡಕ್ಕೆ ಬಲಕ್ಕೆ ತೂಗಾಡುತ್ತದೆ. ತುಂಡು ಎದುರಿಗೇ ಇದ್ದರೂ ಅದರ ಪಕ್ಕದಿಂದ ಹಾದುಹೋಗುತ್ತದೆ, ಏಕೆಂದರೆ ಅದರ ಕಣ್ಣು ಮಂದ. ಮೂತಿ ತಗುಲಿದ ಕ್ಷಣವೇ ಕಚ್ಚುತ್ತದೆ. ಆಮೇಲೆ ನೋಡಿ: ಮುಂದಿನ ಬಾಯಿ ಅಗಿಯದಿದ್ದರೂ ತುಂಡು ಒಂದು, ಎರಡು, ಮೂರು ಎಳೆತಗಳಲ್ಲಿ ಒಳಗೆ ಹೋಗಿರುತ್ತದೆ. ತುಂಡು ದೊಡ್ಡದಾದರೆ ತನ್ನ ಮೈಯನ್ನೇ ಗಂಟು ಹಾಕಿ, ಆ ಗಂಟಿನೊಳಗಿಂದ ತಲೆಯನ್ನು ಹಿಂದಕ್ಕೆಳೆದು ಹರಿದುಕೊಳ್ಳುತ್ತದೆ. ಹಾವುಮೀನು ಸಾಕುವ ಸುಖದ ದೊಡ್ಡ ಪಾಲು ಇದರಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಉಳಿದ ವೇಳೆಯಲ್ಲಿ ಅದು ಬಾಯಿ ತೆರೆದು ಮುಚ್ಚುತ್ತಲೇ ಇರುತ್ತದೆ. ಹೆದರಿಸುತ್ತಿದೆ ಎಂದು ಮನೆಗೆ ಬಂದವರು ಭಾವಿಸುತ್ತಾರೆ. ಅದು ಉಸಿರಾಟ ಮಾತ್ರ; ಕಿವಿರುಗಳ ಮೇಲೆ ನೀರು ಹಾಯಿಸುವ ಕ್ರಮ ಅದು.

ಈಗ ನಿಮ್ಮ ಮನಸ್ಸು ಕದ್ದ ರಿಬ್ಬನ್ ಈಲ್ ವಿಷಯ. ಅದರ ಚೆಲುವಿನ ಬಗ್ಗೆ ಎರಡು ಮಾತಿಲ್ಲ. ಮರಿಯಾಗಿದ್ದಾಗ ಕಪ್ಪು, ಬೆಳೆದು ಗಂಡಾದಾಗ ನೀಲಿ, ಮುಂದೆ ಹೆಣ್ಣಾಗಿ ಮಾರ್ಪಟ್ಟಾಗ ಹಳದಿ. ಒಂದೇ ಜೀವ ಬಣ್ಣವನ್ನೂ ಲಿಂಗವನ್ನೂ ಬದಲಿಸಿಕೊಂಡು ಬಾಳುತ್ತದೆ. ಆದರೆ ತೊಟ್ಟಿಗೆ ಬಂದ ರಿಬ್ಬನ್ ಈಲ್‌ಗಳಲ್ಲಿ ಬಹುಪಾಲು ಆಹಾರ ಮುಟ್ಟದೆ ಸೊರಗಿ ಸಾಯುತ್ತವೆ. ಸಮುದ್ರದಲ್ಲಿ ಅದು ಮರಳಿನ ಬಿಲದಿಂದ ತಲೆಯನ್ನಷ್ಟೇ ಹೊರಗಿಟ್ಟು, ಹತ್ತಿರ ಸುಳಿಯುವ ಸಣ್ಣ ಮೀನುಗಳನ್ನು ಹಿಡಿಯುತ್ತದೆ. ಹೆಪ್ಪುಗಟ್ಟಿಸಿಟ್ಟು ಕರಗಿಸಿದ ತುಂಡನ್ನು ಅದು ಆಹಾರವೆಂದು ಸುಲಭಕ್ಕೆ ಒಪ್ಪುವುದಿಲ್ಲ. ನುರಿತವರು ಜೀವಂತ ಮೀನಿನಿಂದ ಆರಂಭಿಸಿ, ತಾಳ್ಮೆಯಿಂದ ಸತ್ತ ಆಹಾರಕ್ಕೆ ಒಗ್ಗಿಸಿದ್ದುಂಟು. ಅವರಿಗೂ ಅದು ಖಾತ್ರಿಯ ಕೆಲಸವಲ್ಲ. ಮೀಟರಿಗೂ ಮೀರಿ ಬೆಳೆಯುವ ಮೈ ಹಗ್ಗದಷ್ಟೇ ತೆಳು. ಸಣ್ಣ ಕಿಂಡಿ ಸಿಕ್ಕರೂ ನುಣುಚಿಕೊಳ್ಳುತ್ತದೆ. ಉಪ್ಪುನೀರು ಇನ್ನೂ ಕೈಗೆ ಹತ್ತದ ಹೊತ್ತಿನಲ್ಲಿ ಅದನ್ನು ತರುವುದೆಂದರೆ ಒಂದು ಜೀವವನ್ನು ನಿಧಾನವಾಗಿ ಉಪವಾಸ ಕೆಡಹುವುದು. ಅಂಗಡಿಯವರು ಏನೇ ಭರವಸೆ ಕೊಟ್ಟರೂ ಈ ಮಾತಿನಲ್ಲಿ ನಾನು ಸಡಿಲಿಸಲಾರೆ.

ಸ್ನೋಫ್ಲೇಕ್ ಇದಕ್ಕೆ ತದ್ವಿರುದ್ಧ. ಕೆಂಪು ಸಮುದ್ರದಿಂದ ಪೆಸಿಫಿಕ್‌ವರೆಗೆ ಹವಳದ ದಿಬ್ಬಗಳಲ್ಲಿ, ಇಳಿತದ ವೇಳೆ ಕಲ್ಲುಗುಂಡಿಗಳಲ್ಲಿ ಉಳಿಯುವ ನೀರಿನಲ್ಲೂ ವಾಸಿಸುವ ಗಟ್ಟಿ ಜೀವ. ಕೆನೆ ಬಿಳುಪಿನ ಮೈಮೇಲೆ ಕವಲೊಡೆದ ಕಪ್ಪು ಮಚ್ಚೆಗಳ ಸಾಲು, ಆ ಮಚ್ಚೆಗಳೊಳಗೆ ಹಳದಿ ಚುಕ್ಕೆಗಳು. ಸಮುದ್ರದಲ್ಲಿ ಒಂದು ಮೀಟರ್‌ವರೆಗೆ ಬೆಳೆದ ದಾಖಲೆಯಿದೆ. ತೊಟ್ಟಿಯಲ್ಲಿ ಸಾಮಾನ್ಯವಾಗಿ 60ರಿಂದ 75 ಸೆಂಟಿಮೀಟರ್‌ಗೆ ನಿಲ್ಲುತ್ತದೆ. ಹಗಲಿನಲ್ಲೂ ಹೊರಬರುತ್ತದೆ, ಕರಗಿಸಿದ ಆಹಾರವನ್ನು ಕಲಿತುಕೊಳ್ಳುತ್ತದೆ, ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷ ದಾಟಿ ಬದುಕುತ್ತದೆ. ನಿಮ್ಮ 300 ಲೀಟರ್ ತೊಟ್ಟಿ ಅದಕ್ಕೆ ಹಾಯಾಗಿ ಸಾಲುತ್ತದೆ. 200 ಲೀಟರಿಗಿಂತ ಚಿಕ್ಕದರಲ್ಲಿ ಇಡಿ ಎಂದು ಮಾತ್ರ ಯಾರಿಗೂ ಹೇಳಲಾರೆ.

ಸ್ನೋಫ್ಲೇಕ್ ಸಿಗದಿದ್ದರೆ? ಜೀಬ್ರಾ ಮೊರೇ ಸ್ವಭಾವದಲ್ಲಿ ಇನ್ನೂ ಸಾಧು. ಅದೂ ಮೊಂಡು ಹಲ್ಲಿನ, ಏಡಿ ತಿನ್ನುವ ಜಾತಿ. ಕಡುಕಂದು ಮೈಗೆ ಬಿಳಿ ಬಳೆಗಳು. ಆದರೆ ಸಮುದ್ರದಲ್ಲಿ ಒಂದೂವರೆ ಮೀಟರ್ ತನಕ, ತೊಟ್ಟಿಯಲ್ಲೂ ಸುಮಾರು ಒಂದು ಮೀಟರ್ ಬೆಳೆದು ಸಾಕಷ್ಟು ದಪ್ಪವಾಗುತ್ತದೆ. 500 ಲೀಟರಿನ ತೊಟ್ಟಿ ಮಾಡುವ ದಿನ ಬಂದರೆ ಅದನ್ನು ಕಣ್ಣುಮುಚ್ಚಿ ಆರಿಸಿ, ಈಗ ಬೇಡ. ಗೋಲ್ಡನ್ ಡ್ವಾರ್ಫ್ ಮೊರೇ ಒಂದು ಗೇಣಿಗಿಂತ ಸ್ವಲ್ಪ ಉದ್ದದ ಹಳದಿ ಪುಟಾಣಿ, 100 ಲೀಟರ್ ಕೂಡ ಅದಕ್ಕೆ ಸಾಕು. ಆದರೆ ಬೆಲೆ ದುಬಾರಿ, ನಾಚಿಕೆ ವಿಪರೀತ, ದಿನಗಟ್ಟಲೆ ಕಲ್ಲಿನೊಳಗೇ ಇರುತ್ತದೆ. ಬಿಳಿಗಣ್ಣಿನ ಮೊರೇ ಎರಡಡಿಯ ಆಸುಪಾಸಿನದು, ತಕ್ಕಮಟ್ಟಿಗೆ ಶಾಂತ. ಅದನ್ನು ತಂದರೆ ತಪ್ಪೇನಿಲ್ಲ. ಜೇನುಗೂಡಿನ ಚಿತ್ತಾರದ ಹನಿಕೋಂಬ್ ಮೊರೇ ಮರಿ ಮುದ್ದಾಗಿರುತ್ತದೆ, ಬೆಳೆದಾಗ ಮೂರು ಮೀಟರ್ ಮುಟ್ಟಬಲ್ಲದು. ಹಸಿರು ಮೊರೇ ಎರಡೂವರೆ ಮೀಟರ್. ಇವು ಯಾರ ಮನೆಗೂ ತಕ್ಕವಲ್ಲ. ಮರಳಿನಲ್ಲಿ ಹುಲ್ಲಿನಂತೆ ನಿಂತು ತೂಗುವ ಗಾರ್ಡನ್ ಈಲ್‌ಗೆ ಆಳವಾದ ಮರಳು, ಗುಂಪು, ದಿನಕ್ಕೆ ಹಲವು ಬಾರಿ ತೇಲುವ ಸೂಕ್ಷ್ಮ ಆಹಾರ ಬೇಕು. ಅದಕ್ಕೇ ಮೀಸಲಾದ ತೊಟ್ಟಿ ಮಾಡುವವರಿಗೆ ಮಾತ್ರ ಅದು.

ಸಿಹಿನೀರಿನ ಹಿನ್ನೆಲೆಯಿಂದ ಬಂದ ನಿಮಗೆ ಇನ್ನೊಂದು ಎಚ್ಚರಿಕೆ. ‘ಫ್ರೆಶ್‌ವಾಟರ್ ಮೊರೇ’ ಎಂಬ ಹೆಸರಿನಲ್ಲಿ ಒಂದು ಜಾತಿಯನ್ನು ಮಾರುತ್ತಾರೆ. ಅದು ನದಿ ಸಮುದ್ರ ಸೇರುವ ಅಳಿವೆಗಳ ಮೀನು, ಅದಕ್ಕೆ ಉಪ್ಪಿನಂಶ ಬೇಕೇಬೇಕು. ಪೂರ್ತಿ ಸಿಹಿನೀರಿನಲ್ಲಿ ಅದು ಕ್ರಮೇಣ ತಿನ್ನುವುದನ್ನು ಬಿಟ್ಟು ಕುಗ್ಗುತ್ತದೆ. ಈಗಿರುವ ಸಿಹಿನೀರಿನ ತೊಟ್ಟಿಯಲ್ಲಿ ‘ಪ್ರಯೋಗ ಮಾಡಿ ನೋಡೋಣ’ ಎಂದು ಅದನ್ನು ತರಬೇಡಿ.

ಜಾತಿ ನಿರ್ಧಾರವಾಯಿತು ಎಂದುಕೊಳ್ಳೋಣ. ಮೀನಿಗೆ ಮೊದಲು ಮುಚ್ಚಳ. ಸಾಕಿದ ಹಾವುಮೀನು ಸಾಯುವುದಕ್ಕೆ ದೊಡ್ಡ ಕಾರಣಗಳಲ್ಲೊಂದು ರೋಗವಲ್ಲ, ತೊಟ್ಟಿಯಿಂದ ಹೊರಬಿದ್ದು ಒಣಗುವುದು. ಮೊದಲ ಕೆಲವು ವಾರಗಳ ರಾತ್ರಿಗಳಲ್ಲಿ ಅದು ಪ್ರತಿ ಅಂಚನ್ನೂ ಮೂತಿಯಿಂದ ತಡವಿ ಪರೀಕ್ಷಿಸುತ್ತದೆ. ತಲೆ ತೂರಿದಲ್ಲಿ ಮೈಯೆಲ್ಲ ತೂರುತ್ತದೆ. ಫಿಲ್ಟರಿನ ಪೈಪ್ ಹೊಕ್ಕುವ ಕಿಂಡಿ, ವೈರ್ ಹಾಯುವ ಮೂಲೆ, ನೀರು ತುಂಬಿ ಹರಿಯುವ ಓವರ್‌ಫ್ಲೋ ಪೆಟ್ಟಿಗೆಯ ಬಾಯಿ, ಎಲ್ಲವನ್ನೂ ಬಲೆಯಿಂದಲೋ ಸ್ಪಂಜಿನಿಂದಲೋ ಮುಚ್ಚಿ. ಮುಚ್ಚಳವನ್ನು ಒಳಗಿನಿಂದ ತಳ್ಳಿ ಎತ್ತುವಷ್ಟು ಬಲ ಅದಕ್ಕಿದೆ. ಆದ್ದರಿಂದ ಕ್ಲಿಪ್ ಹಾಕಿ ಅಥವಾ ಭಾರ ಇಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಕ್ಲಿಪ್ಪೇ ಸರಿ. ಪಂಪಿನ ನೀರು ಎಳೆಯುವ ಬಾಯಿಗೂ ಜಾಲರಿ ಬೇಕು, ಹೀಟರಿಗೂ ಕವಚ ಬೇಕು. ಬೆಚ್ಚಗಿದೆಯೆಂದು ಅದಕ್ಕೆ ಸುತ್ತಿಕೊಂಡು ಮೈ ಸುಟ್ಟುಕೊಳ್ಳುವುದುಂಟು. ಎಷ್ಟು ಎಚ್ಚರವಿದ್ದರೂ ಒಂದು ಬೆಳಿಗ್ಗೆ ಅದು ನೆಲದ ಮೇಲೆ ಸಿಕ್ಕಿದರೆ, ಮೈ ಇನ್ನೂ ತೇವವಾಗಿದ್ದರೆ, ಸತ್ತಿತೆಂದು ತೀರ್ಮಾನಿಸಬೇಡಿ. ಒದ್ದೆ ಕೈಯಲ್ಲಿ ಎತ್ತಿ ನೀರಿಗೆ ಬಿಡಿ. ಸ್ನೋಫ್ಲೇಕ್ ನೀರಿನ ಹೊರಗೆ ಬಹಳ ತಡೆದುಕೊಳ್ಳಬಲ್ಲದು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದೇ ರೀಟಾ ಮೆಹ್ತಾ ಮತ್ತು ಸಂಗಡಿಗರು ಸ್ನೋಫ್ಲೇಕ್‌ಗಳು ಇಳಿಜಾರು ಹಲಗೆ ಹತ್ತಿ, ನೀರಿನಾಚೆ ಇಟ್ಟ ಆಹಾರವನ್ನು ಅಲ್ಲೇ ನುಂಗುವುದನ್ನು ದಾಖಲಿಸಿದ್ದಾರೆ. ಗಂಟಲಿನ ದವಡೆಗಳಿಂದಾಗಿ ನುಂಗಲು ಅದಕ್ಕೆ ನೀರಿನ ಆಸರೆಯೂ ಬೇಕಿಲ್ಲ.

ಆಮೇಲೆ ಕಲ್ಲು. ಮರಳು ಹಾಕಿ ಅದರ ಮೇಲೆ ಕಲ್ಲು ಜೋಡಿಸಬೇಡಿ. ಕಲ್ಲುಗಳನ್ನು ನೇರವಾಗಿ ತಳದ ಗಾಜಿನ ಮೇಲೆ ಕೂರಿಸಿ, ಆಮೇಲೆ ಮರಳು ಸುರಿಯಿರಿ. ಹಾವುಮೀನು ಕಲ್ಲಿನ ಬುಡ ಕೊರೆದಾಗ ಮರಳಿನ ಮೇಲೆ ನಿಂತ ರಾಶಿ ಕುಸಿದು ಅದರ ಮೇಲೇ ಬೀಳುತ್ತದೆ, ಗಾಜೂ ಒಡೆಯಬಹುದು. ಮೇಲಿನ ಕಲ್ಲುಗಳನ್ನು ಅಕ್ವೇರಿಯಂ ಎಪಾಕ್ಸಿಯಿಂದ ಅಂಟಿಸಿಬಿಡಿ. ಕಲ್ಲಿನ ಹಿಂದೆ ಐದು ಸೆಂಟಿಮೀಟರ್ ಅಗಲದ ಪಿವಿಸಿ ಪೈಪಿನ ತುಂಡುಗಳನ್ನಿಟ್ಟರೆ ಅದರಲ್ಲಿ ಮನೆ ಮಾಡಿಕೊಳ್ಳುತ್ತದೆ. ಮುಂದೆ ಮೀನನ್ನು ಬೇರೆಡೆಗೆ ಸಾಗಿಸಬೇಕಾದಾಗ ಪೈಪಿನ ಎರಡು ಬಾಯಿ ಮುಚ್ಚಿ ಹಾಗೇ ಎತ್ತಿಕೊಳ್ಳಬಹುದು.

ನೀರಿನ ವಿಷಯದಲ್ಲಿ ನಿಮ್ಮ ಸಿಹಿನೀರಿನ ಅನುಭವ ಅರ್ಧ ದಾರಿ ತಲುಪಿಸುತ್ತದೆ. ಕೊಳೆಯನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆದು ತೊಟ್ಟಿ ಹದಕ್ಕೆ ಬರುವ ಕ್ರಮ ಅಲ್ಲೂ ಇಲ್ಲೂ ಒಂದೇ, ಆದರೆ ಇಲ್ಲಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದು ಹಾಗೆಯೇ ನಿಲ್ಲುವ ತನಕ ಹಾವುಮೀನು ತರಬೇಡಿ. ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಪಿಎಚ್ 8.1ರಿಂದ 8.4, ಉಪ್ಪಿನಂಶವನ್ನು ತೋರಿಸುವ ಸಾಪೇಕ್ಷ ಸಾಂದ್ರತೆ 1.023ರಿಂದ 1.025. ಹೊಸಬರು ಎಡವುವ ಜಾಗ ಒಂದಿದೆ: ನೀರು ಆವಿಯಾದಾಗ ಉಪ್ಪು ಆವಿಯಾಗುವುದಿಲ್ಲ. ಮಟ್ಟ ಇಳಿದಷ್ಟಕ್ಕೆ ಉಪ್ಪಿಲ್ಲದ ಶುದ್ಧ ನೀರನ್ನೇ ತುಂಬಬೇಕು. ಉಪ್ಪುನೀರು ತುಂಬುತ್ತ ಹೋದರೆ ಉಪ್ಪು ಏರುತ್ತಲೇ ಹೋಗುತ್ತದೆ. ಮಾಂಸ ತಿನ್ನುವ ಜೀವ ತೊಟ್ಟಿಯನ್ನು ಬೇಗ ಹೊಲಸು ಮಾಡುತ್ತದೆ. ಆದ್ದರಿಂದ ತೊಟ್ಟಿಯ ಅಳತೆಗಿಂತ ಒಂದು ಮೆಟ್ಟಿಲು ದೊಡ್ಡ ಪ್ರೋಟೀನ್ ಸ್ಕಿಮ್ಮರ್ (ನೀರಿನ ಕೊಳೆಯನ್ನು ನೊರೆಯೊಂದಿಗೆ ಹೊರತೆಗೆಯುವ ಸಾಧನ) ಕೊಳ್ಳಿ, ಎರಡು ವಾರಕ್ಕೊಮ್ಮೆ ಐದನೆಯ ಒಂದು ಭಾಗದಷ್ಟು ನೀರು ಬದಲಿಸಿ.

ಅಂಗಡಿಯಲ್ಲಿ ಮೀನು ಆರಿಸುವಾಗ ನೀವು ಕೇಳಬೇಕಾದ ಮಾತು ಒಂದೇ: ‘ನನ್ನೆದುರು ಇದಕ್ಕೆ ತಿನ್ನಿಸಿ ತೋರಿಸಿ.’ ಹಿಂಜರಿಯಬೇಡಿ, ಒಳ್ಳೆಯ ಅಂಗಡಿಯವರು ಸಂತೋಷದಿಂದ ತೋರಿಸುತ್ತಾರೆ. ಎಲ್ಲ ಹಾವುಮೀನುಗಳೂ ಎಲೆಯಂತೆ ಚಪ್ಪಟೆಯಾದ ಪಾರದರ್ಶಕ ಮರಿಗಳಾಗಿ ತಿಂಗಳುಗಟ್ಟಲೆ ಸಮುದ್ರದಲ್ಲಿ ತೇಲಿ ಬೆಳೆಯುತ್ತವೆ. ಆ ಹಂತವನ್ನು ತೊಟ್ಟಿಯಲ್ಲಿ ದಾಟಿಸುವುದು ಬಹಳ ಕಷ್ಟ. ಆದ್ದರಿಂದ ಮಾರಾಟಕ್ಕೆ ಬರುವ ಹೆಚ್ಚುಕಡಿಮೆ ಪ್ರತಿ ಮೊರೇಯೂ ಸಮುದ್ರದಲ್ಲಿ ಹಿಡಿದದ್ದೇ. ಹಿಡಿದು, ಸಾಗಿಸಿ, ಕೈ ಬದಲಾಯಿಸಿ ಬಂದ ಜೀವ ತಿನ್ನಲು ಶುರುಮಾಡಿದೆ ಎಂಬುದೇ ಅದರ ಆರೋಗ್ಯಕ್ಕೆ ಸಾಕ್ಷಿ. ನಿನ್ನೆ ಬಂದ ಮೀನನ್ನು ಇಂದು ಕೊಳ್ಳಬೇಡಿ. ಮುಂಗಡ ಕೊಟ್ಟು ಎರಡು ವಾರ ಅಲ್ಲೇ ಬಿಡಿ. ಮೂತಿ ಉಜ್ಜಿ ಗಾಯವಾಗಿದೆಯೇ, ಮೈಮೇಲೆ ಬಿಳಿ ಪೊರೆಯಂತಹ ಕಲೆಗಳಿವೆಯೇ, ತಲೆಯ ಹಿಂದಿನ ಮಾಂಸ ಬತ್ತಿ ಚೂಪಾಗಿದೆಯೇ ಎಂದು ನೋಡಿ. ಹಗಲಲ್ಲಿ ಕಲ್ಲಿನ ಸಂದಿ ಬಿಟ್ಟು ಬಯಲಲ್ಲಿ ಸುಮ್ಮನೆ ಬಿದ್ದಿರುವುದು ಒಳ್ಳೆಯ ಲಕ್ಷಣವಲ್ಲ.

ಮನೆಗೆ ತಂದ ಮೇಲೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಸೇರಿಸಿ ಒಂದು ಗಂಟೆ ಒಗ್ಗಿಸಿ. ಆ ಪಾತ್ರೆಗೂ ಮುಚ್ಚಳವಿರಲಿ. ಮೊದಲ ದಿನ ದೀಪ ಹಚ್ಚಬೇಡಿ. ಅಂಗಡಿಯಲ್ಲಿ ಚೆನ್ನಾಗಿ ತಿನ್ನುತ್ತಿದ್ದ ಸ್ನೋಫ್ಲೇಕ್ ಮನೆಗೆ ಬಂದು ಒಂದೆರಡು ವಾರ ಏನನ್ನೂ ಮುಟ್ಟದಿರಬಹುದು. ಹೊಸಬರು ಕಂಗಾಲಾಗುವುದು ಇಲ್ಲಿಯೇ. ದಿನಕ್ಕೆ ಮೂರು ಬಾರಿ ತುಂಡು ಹಿಡಿದು ಮೂತಿಗೆ ತಿವಿದರೆ ಅದು ಇನ್ನೂ ಒಳಸೇರುತ್ತದೆ. ಎರಡು ದಿನಕ್ಕೊಮ್ಮೆ, ದೀಪ ಆರಿಸಿದ ಮೇಲೆ, ಒಂದೇ ಒಂದು ತುಂಡು ತೋರಿಸಿ. ಮುಟ್ಟದಿದ್ದರೆ ಗಂಟೆಯೊಳಗೆ ತೆಗೆದುಬಿಡಿ. ಮೂರು ವಾರ ದಾಟಿದರೆ ಜೀವಂತ ಸಿಗಡಿಯೊಂದನ್ನು ಬಿಟ್ಟು ನೋಡಿ. ಓಡಾಡುವ ಸಿಗಡಿಯ ವಾಸನೆಗೆ ಬಹುತೇಕ ಸ್ನೋಫ್ಲೇಕ್‌ಗಳು ಸೋಲುತ್ತವೆ.

ಒಗ್ಗಿದ ಮೇಲೆ ವಾರಕ್ಕೆ ಎರಡು ಮೂರು ಬಾರಿ ತಿನ್ನಿಸಿದರೆ ಸಾಕು, ಮರಿಯಾದರೆ ಇನ್ನೊಂದು ಬಾರಿ. ದಿನವೂ ಬೇಡುತ್ತದೆ, ದಿನವೂ ಕೊಡಬೇಡಿ. ಉಪ್ಪು ಮಸಾಲೆ ಸೋಕದ ಹಸಿ ಸಿಗಡಿ, ಏಡಿ, ಸ್ಕ್ವಿಡ್, ಚಿಪ್ಪುಮೀನಿನ ಮಾಂಸ, ಆಗಾಗ ಸಮುದ್ರದ ಮೀನಿನ ತುಂಡು, ಹೀಗೆ ಬದಲಿಸುತ್ತಿರಿ. ಸಿಗಡಿಯೊಂದನ್ನೇ ತಿಂಗಳುಗಟ್ಟಲೆ ಕೊಡುವುದು ಅಪಾಯ. ಕೆಲವು ಸಿಗಡಿ, ಚಿಪ್ಪುಮೀನು ಮತ್ತು ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದು ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಕೊರತೆ ಹೆಚ್ಚಾದರೆ ಮೀನು ತೋಲ ತಪ್ಪಿ ಈಜುತ್ತದೆ, ತಿನ್ನುವುದನ್ನು ಬಿಡುತ್ತದೆ. ವಾರಕ್ಕೊಮ್ಮೆ ತುಂಡನ್ನು ಮೀನಿನ ಜೀವಸತ್ವದ ದ್ರಾವಣದಲ್ಲಿ ನೆನೆಸಿ ಕೊಡಿ. ಸಿಹಿನೀರಿನ ತೊಟ್ಟಿಯಲ್ಲಿ ಮಿಕ್ಕ ಗೋಲ್ಡ್‌ಫಿಶ್ ಮರಿಗಳನ್ನು ಇದಕ್ಕೆ ಹಾಕಬೇಡಿ. ಅವುಗಳಲ್ಲೂ ಇದೇ ಕಿಣ್ವವಿದೆ.

ಜೊತೆಗಾರರ ವಿಷಯ. ಸಿಗಡಿ, ಏಡಿ ಸ್ನೋಫ್ಲೇಕ್‌ನ ಮೂಲ ಆಹಾರ. ಕ್ಲೀನರ್ ಸಿಗಡಿಯನ್ನು ಕೆಲವು ಮೊರೇಗಳು ತಿಂಗಳುಗಟ್ಟಲೆ ಮುಟ್ಟದಿರುವುದುಂಟು, ಆದರೆ ಸಿಗಡಿ ಪೊರೆ ಕಳಚಿ ಮೆತ್ತಗಾದ ರಾತ್ರಿ ಆ ಸ್ನೇಹ ಮುಗಿಯುತ್ತದೆ. ಕ್ಲೌನ್ ಮೀನುಗಳು ಹಲವರ ತೊಟ್ಟಿಯಲ್ಲಿ ಸ್ನೋಫ್ಲೇಕ್ ಜೊತೆ ವರ್ಷಗಟ್ಟಲೆ ಬದುಕಿವೆ. ಆದರೂ ಎರಡಿಂಚಿನ ಮರಿಗಳನ್ನು ಬಿಡಬೇಡಿ, ಬೆಳೆದ ಜೋಡಿಯನ್ನೇ ತನ್ನಿ, ಮತ್ತು ಹಾವುಮೀನಿಗಿಂತ ಮೊದಲೇ ಬಿಟ್ಟು ಮಲಗುವ ಜಾಗ ಗೊತ್ತುಮಾಡಿಕೊಳ್ಳಲು ಸಮಯ ಕೊಡಿ. ತಳದಲ್ಲಿ ನಿದ್ರಿಸುವ ಪುಟ್ಟ ಗೋಬಿ ಮೀನುಗಳು ಬೇಡ. ಹೊಸದಾಗಿ ತರುವ ಪ್ರತಿ ಮೀನನ್ನೂ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ. ಹುರುಪೆಯಿಲ್ಲದ, ಲೋಳೆಯಷ್ಟೇ ಕವಚವಾಗಿರುವ ಮೊರೇಗೆ ತಾಮ್ರದ ಔಷಧಿ ಒಗ್ಗುವುದು ಕಷ್ಟ. ಜೊತೆಗಾರರಿಗೆ ಬಂದ ರೋಗಕ್ಕೆ ಅದೇ ತೊಟ್ಟಿಯಲ್ಲಿ ತಾಮ್ರ ಹಾಕುವ ಸ್ಥಿತಿ ಬರಬಾರದು.

ಕೊನೆಗೆ ಮಕ್ಕಳ ಪ್ರಶ್ನೆ. ಕಚ್ಚುತ್ತದೆ, ಆದರೆ ಕೋಪದಿಂದಲ್ಲ. ಮಂದ ಕಣ್ಣಿನ ಜೀವಕ್ಕೆ ಸಿಗಡಿಯ ವಾಸನೆ ಹತ್ತಿದ ಬೆರಳು ಸಿಗಡಿಯಂತೆಯೇ. ಹಾಗಾಗಿ ಆಹಾರ ಯಾವಾಗಲೂ ಉದ್ದನೆಯ ಚಿಮಟದಲ್ಲಿ; ಕೈಯಿಂದ ತಿನ್ನಿಸುವುದು ದೊಡ್ಡವರಿಗೂ ಬೇಡ. ತೊಟ್ಟಿಗೆ ಕೈ ಹಾಕುವ ಮುನ್ನ ಸೋಪಿನಿಂದ ತೊಳೆದು, ಸೋಪೆಲ್ಲ ಹೋಗುವಂತೆ ಜಾಲಿಸಿ, ಹಾವುಮೀನು ಎಲ್ಲಿದೆ ಎಂದು ನೋಡಿಕೊಂಡೇ ಕೈ ಇಳಿಸಿ. ಬೆರಳು ಹಿಡಿದರೆ ಕಿತ್ತುಕೊಳ್ಳಬೇಡಿ. ಎಳೆದಷ್ಟೂ ಗಾಯ ಹರಿಯುತ್ತದೆ. ಕೈಯನ್ನು ನೀರಿನಲ್ಲೇ ಅಲುಗದಂತೆ ಹಿಡಿದರೆ ಸಾಮಾನ್ಯವಾಗಿ ಅದೇ ಬಿಟ್ಟುಬಿಡುತ್ತದೆ. ಸ್ನೋಫ್ಲೇಕ್‌ನ ಮೊಂಡು ಹಲ್ಲಿನಿಂದ ಹೆಚ್ಚಾಗಿ ತರಚು ಗಾಯವಷ್ಟೇ ಆಗುತ್ತದೆ. ಆದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ತೊಳೆಯಿರಿ. ಗಾಯ ಆಳವಾಗಿದ್ದರೆ, ಅಥವಾ ಮರುದಿನ ಕೆಂಪೇರಿ ಊದಿಕೊಂಡರೆ, ವೈದ್ಯರಲ್ಲಿಗೆ ಹೋಗಿ. ಸಮುದ್ರದ ಮೀನು ಕಚ್ಚಿದ್ದು ಎಂದು ಅವರಿಗೆ ಮೊದಲೇ ತಿಳಿಸಿ, ಏಕೆಂದರೆ ಉಪ್ಪುನೀರಿನ ಬ್ಯಾಕ್ಟೀರಿಯಾಗಳಿಗೆ ಕೊಡುವ ಆ್ಯಂಟಿಬಯಾಟಿಕ್ ಬೇರೆಯದಾಗಿರಬಹುದು.